ಮಾತ್ರೆ ಕೊಟ್ಟರೂ ಮನೆಯಿಂದ ಹೋಗದ ದಾರಹುಳು

ಪ್ರಶ್ನೆ: ತೀರ್ಥಹಳ್ಳಿಯ ಸಮೀಪ ನಮ್ಮದು ಆರು ಜನರ ಮನೆ. ನಾನು, ನಮ್ಮ ಯಜಮಾನರು, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ಅತ್ತೆಯವರು ಮತ್ತು ಈಗ ವಿಶ್ರಾಂತಿಗೆಂದು ಬಂದಿರುವ, ಮೂರನೆಯ ತಿಂಗಳ ಗರ್ಭಿಣಿ ನಾದಿನಿ ಇದ್ದೇವೆ. ಮಗಳಿಗೆ ಸುಮಾರು ಒಂದು ವರ್ಷದಿಂದ ರಾತ್ರಿ ಮಲದ್ವಾರದಲ್ಲಿ ತುರಿಕೆ. ಬಿಳಿ ದಾರದ ತುಂಡಿನಂಥ ಹುಳುಗಳನ್ನು ನಾನೇ ನೋಡಿದ್ದೇನೆ. ಹುಳುವಿನ ಮಾತ್ರೆ ಕೊಟ್ಟರೆ ಕೆಲವು ವಾರ ಆರಾಮ, ಆಮೇಲೆ ಯಥಾಪ್ರಕಾರ. ಶಾಲೆಯಲ್ಲೂ ಮಾತ್ರೆ ಕೊಟ್ಟಿದ್ದಾರೆ. ಮಲ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಈಗ ಮಗನಿಗೂ ಶುರುವಾಗಿದೆ. ಬೆಲ್ಲ, ಸಿಹಿ ಹೆಚ್ಚು ತಿನ್ನಿಸಿದ್ದೇ ಕಾರಣ ಎಂದು ಅತ್ತೆಯವರು ಹೇಳುತ್ತಾರೆ. ಮಾತ್ರೆಗೆ ಹುಳು ಒಗ್ಗಿಹೋಗಿದೆಯೇ? ನಮ್ಮ ಮನೆ ಕೊಳಕಾಗಿದೆಯೇ? ಮಗಳನ್ನು ಶಾಲೆಗೆ ಕಳಿಸಬಹುದೇ?

ಉತ್ತರ: ನೀವು ಕೊಟ್ಟ ಮಾತ್ರೆ ತನ್ನ ಕೆಲಸವನ್ನು ಮಾಡಿದೆ. ಪ್ರತಿ ಸಲವೂ ಕೆಲವು ವಾರ ತುರಿಕೆ ನಿಂತಿತ್ತೆಂದು ನೀವೇ ಬರೆದಿದ್ದೀರಿ; ಹುಳುಗಳು ಸಾಯದೇ ಹೋಗಿದ್ದರೆ ಆ ಬಿಡುವು ಸಿಗುತ್ತಿರಲಿಲ್ಲ. ಆದರೆ ಆ ಮಾತ್ರೆ ಎರಡನ್ನು ಮುಟ್ಟಲಿಲ್ಲ. ಒಂದು, ಮಗಳ ಉಗುರಿನಲ್ಲಿ, ಚಡ್ಡಿಯಲ್ಲಿ, ಹಾಸಿಗೆಯಲ್ಲಿ ಉಳಿದ ಮೊಟ್ಟೆಗಳನ್ನು. ಇನ್ನೊಂದು, ಮಾತ್ರೆಯನ್ನೇ ನುಂಗದ ಮನೆಯ ಉಳಿದವರ ಹೊಟ್ಟೆಯಲ್ಲಿರುವ ಹುಳುಗಳನ್ನು. ದಾರಹುಳು ಮರಳಿ ಬರುವ ಮನೆಗಳಲ್ಲಿ ಹೆಚ್ಚಿನ ಪಾಲು ನಡೆಯುವುದು ಇದೇ. ಔಷಧ ಸೋತಿರುವುದಿಲ್ಲ, ಹಳೆಯ ಹುಳು ಸತ್ತ ಮೇಲೆ ಹೊಸ ಮೊಟ್ಟೆ ಬಾಯಿಗೆ ಹೋಗಿರುತ್ತದೆ.

ಈ ಹುಳುವಿನ ದಿನಚರಿ ತಿಳಿದರೆ ಏನು ಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ. ಎಂಟರೋಬಿಯಸ್ ವರ್ಮಿಕ್ಯುಲಾರಿಸ್ ಎಂಬುದು ಇದರ ಶಾಸ್ತ್ರೀಯ ಹೆಸರು. ದೊಡ್ಡ ಕರುಳಿನ ಆರಂಭದ ಭಾಗದಲ್ಲಿ ಇದರ ವಾಸ. ಹೆಣ್ಣು ಹುಳು 8ರಿಂದ 13 ಮಿಲಿಮೀಟರ್ ಉದ್ದವಿದ್ದು ಬರಿಗಣ್ಣಿಗೆ ಕಾಣುತ್ತದೆ, ಗಂಡು ಅದಕ್ಕಿಂತ ತೀರ ಚಿಕ್ಕದು. ಮಗು ನಿದ್ದೆ ಹೋದ ಮೇಲೆ ಹೆಣ್ಣು ಹುಳು ಮಲದ್ವಾರದಿಂದ ಹೊರಗೆ ಬಂದು, ಸುತ್ತಲಿನ ಚರ್ಮದ ಮಡಿಕೆಗಳಲ್ಲಿ ಹತ್ತು ಸಾವಿರದಷ್ಟು ಮೊಟ್ಟೆಗಳನ್ನು ಅಂಟುದ್ರವದೊಡನೆ ಇಟ್ಟು ಸಾಯುತ್ತದೆ. ತುರಿಕೆ ಹುಟ್ಟುವುದು ಆ ಓಡಾಟದಿಂದ ಮತ್ತು ಆ ಅಂಟಿನಿಂದ. ನಿದ್ದೆಗಣ್ಣಿನಲ್ಲಿ ಮಗು ತುರಿಸಿಕೊಂಡಾಗ ಮೊಟ್ಟೆಗಳು ಉಗುರಿನ ಸಂದಿಗೆ ಸೇರುತ್ತವೆ, ಬೆಳಿಗ್ಗೆ ಬೆರಳು ಬಾಯಿಗೆ ಹೋಗುತ್ತದೆ. ಇಟ್ಟ ನಾಲ್ಕರಿಂದ ಆರು ಗಂಟೆಯೊಳಗೆ ಆ ಮೊಟ್ಟೆ ಸೋಂಕು ತರುವಷ್ಟು ಬಲಿತಿರುತ್ತದೆ. ಅಂದರೆ ನಡುರಾತ್ರಿ ಇಟ್ಟ ಮೊಟ್ಟೆ ಬೆಳಗಿನ ತಿಂಡಿಯ ಹೊತ್ತಿಗೆ ಸಿದ್ಧ. ನುಂಗಿದ ಮೊಟ್ಟೆ ಒಡೆದು, ಬೆಳೆದು, ತಾನೇ ಮೊಟ್ಟೆಯಿಡುವ ಹುಳುವಾಗಲು ಒಂದರಿಂದ ಎರಡು ತಿಂಗಳು ಬೇಕು. ನಿಮ್ಮ ಮಗಳಿಗೆ ಕೆಲವು ವಾರ ಆರಾಮ, ಆಮೇಲೆ ಮತ್ತೆ ತುರಿಕೆ ಎಂಬ ಲೆಕ್ಕ ಈ ಅವಧಿಗೆ ಸರಿಯಾಗಿ ಕೂಡುತ್ತದೆ.

ಹೊರಗೆ ಬಿದ್ದ ಮೊಟ್ಟೆ ತಂಪು ಮತ್ತು ತೇವವಿದ್ದರೆ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೂ ಜೀವ ಹಿಡಿದಿರುತ್ತದೆ. ಬಿಸಿಲು ಮತ್ತು ಒಣ ಗಾಳಿಗೆ ಬೇಗ ಸಾಯುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ರಗ್ಗು, ಕಂಬಳಿ ವಾರಗಟ್ಟಲೆ ಬಿಸಿಲು ಕಾಣದೆ ಮಡಿಸಿಟ್ಟಲ್ಲೇ ಇರುತ್ತವೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಹಾಗೆಂದು ಇದು ಕೊಳಕು ಮನೆಯ ಕಾಯಿಲೆಯಲ್ಲ. ಅಚ್ಚುಕಟ್ಟಾದ ಮನೆಗಳಲ್ಲೂ, ಶ್ರೀಮಂತ ದೇಶಗಳ ಶಾಲೆಗಳಲ್ಲೂ ಇದು ಮಕ್ಕಳಿಗೆ ಸಾಮಾನ್ಯ. ಈ ಹುಳುವಿಗೆ ಆಸರೆ ಮನುಷ್ಯನೊಬ್ಬನೇ. ನಾಯಿ, ಬೆಕ್ಕು, ದನಗಳಿಂದ ಇದು ಬರುವುದಿಲ್ಲ. ಬರಿಗಾಲಲ್ಲಿ ಮಣ್ಣು ತುಳಿದರೆ ಬರುವುದು ಕೊಕ್ಕೆಹುಳು, ದಾರಹುಳುವಲ್ಲ. ಮಕ್ಕಳು ಒತ್ತೊತ್ತಾಗಿ ಕೂಡುವ, ಆಡುವ, ಮಲಗುವ ಕಡೆ ಒಬ್ಬರ ಬೆರಳಿನಿಂದ ಇನ್ನೊಬ್ಬರ ಬಾಯಿಗೆ ಇದು ದಾಟುತ್ತದೆ. ಅಷ್ಟಕ್ಕೆ ಯಾವ ತಾಯಿಯೂ ತಲೆ ತಗ್ಗಿಸಬೇಕಾಗಿಲ್ಲ.

ಶಾಲೆಯಲ್ಲಿ ಕೊಟ್ಟ ಮಾತ್ರೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬಹಳ ತಾಯಂದಿರು ಅದನ್ನೇ ನಂಬಿ ಕೂರುತ್ತಾರೆ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು, ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ, 1ರಿಂದ 19 ವರ್ಷದವರಿಗೆ ಶಾಲೆ ಮತ್ತು ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ನುಂಗಿಸುತ್ತಾರೆ. ಮಣ್ಣಿನ ಮೂಲಕ ಹರಡುವ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳ ಹೊರೆಯನ್ನು ತಗ್ಗಿಸುವುದು ಆ ಕಾರ್ಯಕ್ರಮದ ಗುರಿ. ರಕ್ತಹೀನತೆಯನ್ನು ತಡೆಯುವಲ್ಲಿ ಅದರ ಬೆಲೆ ದೊಡ್ಡದು, ನಿಮ್ಮ ಮಕ್ಕಳಿಗೆ ಅದನ್ನು ತಪ್ಪಿಸಬೇಡಿ. ಆದರೆ ಅಲ್ಲಿ ಕೊಡುವುದು ಒಂದೇ ಮಾತ್ರೆ, ಮುಂದಿನದು ಆರು ತಿಂಗಳ ನಂತರ, ಅದೂ ಮಕ್ಕಳಿಗೆ ಮಾತ್ರ. ಒಂದೆರಡು ತಿಂಗಳಲ್ಲೇ ಹೊಸ ಪೀಳಿಗೆ ಬೆಳೆಸುವ ದಾರಹುಳುವಿಗೆ ಆ ಆರು ತಿಂಗಳು ಬೇಕಾದಷ್ಟಾಯಿತು.

ಆದ್ದರಿಂದ ಚಿಕಿತ್ಸೆಯ ಕ್ರಮ ಹೀಗಿರಲಿ. ಗರ್ಭಿಣಿ ನಾದಿನಿಯೊಬ್ಬರನ್ನು ಬಿಟ್ಟು ಮನೆಯಲ್ಲಿ ಮಲಗಿ ಏಳುವ ಪ್ರತಿಯೊಬ್ಬರೂ, ತುರಿಕೆ ಇರಲಿ ಇಲ್ಲದಿರಲಿ, ಒಂದೇ ದಿನ ಮಾತ್ರೆ ತೆಗೆದುಕೊಳ್ಳಬೇಕು. ಸರಿಯಾಗಿ ಎರಡು ವಾರಕ್ಕೆ ಎಲ್ಲರೂ ಮತ್ತೊಮ್ಮೆ ತೆಗೆದುಕೊಳ್ಳಬೇಕು. ದೊಡ್ಡವರಲ್ಲಿ ಈ ಹುಳು ಏನೊಂದು ಲಕ್ಷಣವನ್ನೂ ತೋರದೆ ಇರಬಲ್ಲದು. ಮೊಮ್ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವ ಅಜ್ಜಿ, ಮಗುವಿಗೆ ಕೈತುತ್ತು ಕೊಡುವ ನೀವು, ಸಂಜೆ ಬಂದು ಮಗನನ್ನು ಎತ್ತಿಕೊಳ್ಳುವ ಅಪ್ಪ, ಯಾರೂ ಇದರಿಂದ ಹೊರತಲ್ಲ. "ನನಗೇನೂ ಇಲ್ಲ, ನನಗೇಕೆ ಮಾತ್ರೆ" ಎಂದು ಒಬ್ಬರು ಬಿಟ್ಟರೂ ಉಳಿದವರ ಚಿಕಿತ್ಸೆ ನೀರುಪಾಲಾಗುವ ಸಾಧ್ಯತೆ ಇದೆ. ನನ್ನ ಅನುಭವದಲ್ಲಿ ಹೀಗೆ ಬಿಟ್ಟುಹೋಗುವವರು ಹೆಚ್ಚಾಗಿ ಮನೆಯ ಗಂಡಸರು. ಇದನ್ನು ನಿಮ್ಮ ಯಜಮಾನರಿಗೆ ಓದಿಸಿ.

ಆಲ್ಬೆಂಡಜೋಲ್‌ನ ಪ್ರಮಾಣ ಎರಡು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಒಂದೇ, 400 ಮಿಲಿಗ್ರಾಂ. ಒಂದರಿಂದ ಎರಡು ವರ್ಷದ ಮಗುವಿಗೆ 200 ಮಿಲಿಗ್ರಾಂ. ಸಣ್ಣವರು ಅದನ್ನು ಚೀಪಿ, ಅಗಿದು ನುಂಗಬೇಕು, ಇಲ್ಲವೆ ಪುಡಿ ಮಾಡಿ ನೀರಿನಲ್ಲಿ ಕೊಡಬೇಕು. ಅಳುವ ಮಗುವಿನ ಬಾಯಿಗೆ ಇಡೀ ಮಾತ್ರೆ ತುರುಕಿದರೆ ಗಂಟಲಲ್ಲಿ ಸಿಕ್ಕೀತು. ಮೆಬೆಂಡಜೋಲ್ ಮತ್ತು ಪೈರಾಂಟೆಲ್ ಎಂಬ ಔಷಧಗಳೂ ಇದಕ್ಕೆ ಆಗುತ್ತವೆ, ಅವುಗಳನ್ನೂ ಎರಡು ವಾರಕ್ಕೆ ಮರುಕಳಿಸಬೇಕು. ಎರಡನೆಯ ಸಲ ಏಕೆಂದರೆ, ಈ ಔಷಧಗಳು ಕರುಳಿನ ಹುಳುವನ್ನು ಕೊಲ್ಲುತ್ತವೆಯೇ ಹೊರತು ಮೊಟ್ಟೆಯ ವಿಷಯದಲ್ಲಿ ಅವನ್ನು ನೆಚ್ಚಲಾಗದು. ಮೊದಲ ಮಾತ್ರೆಯ ಆಸುಪಾಸಿನಲ್ಲಿ ಬಾಯಿಗೆ ಹೋದ ಮೊಟ್ಟೆಗಳು ಎರಡು ವಾರದೊಳಗೆ ಒಡೆದು ಮರಿಯಾಗಿರುತ್ತವೆ, ಆದರೆ ಇನ್ನೂ ಮೊಟ್ಟೆಯಿಡುವ ಪ್ರಾಯಕ್ಕೆ ಬಂದಿರುವುದಿಲ್ಲ. ಎರಡನೆಯ ಮಾತ್ರೆ ಅವನ್ನು ಆ ಹಂತದಲ್ಲೇ ಮುಗಿಸುತ್ತದೆ. ಒಂದು ತಿಂಗಳಾಯಿತು ಎಂದರೆ ಮತ್ತೆ ಮೊದಲಿನಿಂದ ಶುರುಮಾಡಿದಂತೆ. ಕ್ಯಾಲೆಂಡರಿನಲ್ಲಿ ಎರಡೂ ದಿನಗಳಿಗೆ ಗುರುತು ಹಾಕಿಡಿ.

ನಿಮ್ಮ ನಾದಿನಿಗೆ ಈಗ ಮಾತ್ರೆ ಬೇಡ. ಗರ್ಭದ ಮೊದಲ ಮೂರು ತಿಂಗಳಲ್ಲಿ ಆಲ್ಬೆಂಡಜೋಲ್, ಮೆಬೆಂಡಜೋಲ್ ಕೊಡುವುದಿಲ್ಲ. ನಾನು ಮುಂದೆ ಹೇಳುವ ಸ್ವಚ್ಛತೆಯ ಕ್ರಮವನ್ನು ಅವರು ಆರು ವಾರ ಬಿಗಿಯಾಗಿ ಪಾಲಿಸಲಿ. ಹೊಸದಾಗಿ ಮೊಟ್ಟೆ ಬಾಯಿಗೆ ಹೋಗದಿದ್ದರೆ ಒಳಗಿರುವ ಹುಳುಗಳು ತಮ್ಮ ಆಯುಸ್ಸು ಮುಗಿಸಿ ತಾವಾಗಿ ಸಾಯುತ್ತವೆ. ಆಮೇಲೂ ತೊಂದರೆಯಿದ್ದರೆ ಅವರನ್ನು ನೋಡುತ್ತಿರುವ ಪ್ರಸೂತಿ ವೈದ್ಯರು ತೀರ್ಮಾನಿಸಲಿ. ಇನ್ನೊಂದು ಎಚ್ಚರ: ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದ ಇತಿಹಾಸವಿದ್ದರೆ ಆಲ್ಬೆಂಡಜೋಲ್ ಕೊಡುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ಲಾಡಿಹುಳುವಿನ ಕೋಶಗಳು ಮೆದುಳಿನಲ್ಲಿ ಇರುವವರಿಗೆ ಈ ಔಷಧದಿಂದ ಫಿಟ್ಸ್ ಮರುಕಳಿಸಬಹುದು, ನಮ್ಮ ದೇಶದಲ್ಲಿ ಆ ಕಾಯಿಲೆ ಅಪರೂಪವೇನಲ್ಲ. ಹಾಗೆಯೇ ಭೇದಿಗೆಂದು ಮೆಟ್ರೊನಿಡಜೋಲ್ ತೆಗೆದುಕೊಳ್ಳುತ್ತಿರುವವರು ಅದರ ಜೊತೆಗೆ ಮೆಬೆಂಡಜೋಲ್ ತೆಗೆದುಕೊಳ್ಳಬಾರದು. ಅಪರೂಪಕ್ಕಾದರೂ ತೀವ್ರವಾದ ಚರ್ಮದ ಪ್ರತಿಕ್ರಿಯೆಯ ಅಪಾಯವಿದೆ.

ಮಾತ್ರೆಯಷ್ಟೇ ಮುಖ್ಯವಾದುದು ಬೆಳಗಿನ ಹೊತ್ತು. ನನಗೆ ಕೇಳಿದರೆ, ಮನೆಯ ಮೂಲೆಮೂಲೆಯನ್ನು ಫಿನಾಯಿಲಿನಿಂದ ಉಜ್ಜಿ ದಣಿಯುವುದಕ್ಕಿಂತ ಮಗು ಕಣ್ಣುಬಿಟ್ಟ ಮೊದಲ ಅರ್ಧ ಗಂಟೆಯನ್ನು ಸರಿಯಾಗಿ ನಿಭಾಯಿಸುವುದು ಎಷ್ಟೋ ಮೇಲು. ರಾತ್ರಿ ಇಟ್ಟ ಮೊಟ್ಟೆಗಳಲ್ಲಿ ಹೆಚ್ಚಿನವು ಆ ಹೊತ್ತಿನಲ್ಲಿ ಒಂದೇ ಕಡೆ, ಮಗುವಿನ ಮೈಮೇಲೆ ಇರುತ್ತವೆ. ಸಂಜೆ ಸ್ನಾನ ಮಾಡಿಸುವ ಪದ್ಧತಿಯಿದ್ದರೆ ಕೆಲವು ವಾರ ಅದನ್ನು ಬೆಳಿಗ್ಗೆಗೆ ಬದಲಿಸಿ. ಮಗು ಎದ್ದೊಡನೆ, ಹಾಲು ತಿಂಡಿಗೆ ಮುಂಚೆ, ಬಚ್ಚಲಿಗೆ ಕರೆದೊಯ್ದು ಮಲದ್ವಾರದ ಸುತ್ತ ಸೋಪು ಹಚ್ಚಿ, ಚೊಂಬಿನಿಂದ ನೀರು ಸುರಿದು, ಚರ್ಮದ ಮಡಿಕೆಗಳನ್ನು ಬಿಡಿಸಿ ತೊಳೆಯಿರಿ. ಟಬ್ಬಿನಲ್ಲಿ ಕೂರಿಸುವುದು ಬೇಡ, ಕೂತ ನೀರಿನಲ್ಲೇ ಮೊಟ್ಟೆ ತೇಲುತ್ತದೆ. ಹೆಣ್ಣುಮಗುವನ್ನು ಯಾವಾಗಲೂ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಹುಳು ಮುಂದಕ್ಕೆ ಸರಿದು ಯೋನಿಯಲ್ಲಿ ಸೇರಿಕೊಂಡರೆ ಅಲ್ಲಿಯೂ ತುರಿಕೆ, ಬಿಳಿಸೆರಗು, ಉರಿಮೂತ್ರ ಕಾಣಿಸಿಕೊಳ್ಳುತ್ತವೆ. ಬಳಿಕ ಮಗುವಿನ ಕೈಯನ್ನೂ ನಿಮ್ಮ ಕೈಯನ್ನೂ ಸೋಪಿನಿಂದ ತೊಳೆದು, ಉಗುರಿನ ಸಂದಿಯನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಇಲ್ಲಿ ಕೆಲಸಕ್ಕೆ ಬಾರದು. ಮೊಟ್ಟೆಯ ಚಿಪ್ಪು ಗಟ್ಟಿ, ಅದನ್ನು ನೀರಿನಲ್ಲಿ ತೊಳೆದು ಕಳಿಸಬೇಕೇ ಹೊರತು ಮದ್ಯಸಾರದಿಂದ ಕೊಲ್ಲುವ ಭರವಸೆ ಇಲ್ಲ. ಉಗುರನ್ನು ವಾರಕ್ಕೊಮ್ಮೆ ಬುಡದವರೆಗೆ ಕತ್ತರಿಸಿ, ಉಗುರು ಕಚ್ಚುವ, ಬೆರಳು ಚೀಪುವ ಅಭ್ಯಾಸವಿದ್ದರೆ ಗದರಿಸದೆ ಬಿಡಿಸಲು ನೋಡಿ.

ರಾತ್ರಿ ಮಲಗಿಸುವಾಗ ಮೈಗೆ ಹತ್ತಿ ಕೂರುವ ಹತ್ತಿಬಟ್ಟೆಯ ಚಡ್ಡಿ ಹಾಕಿಸಿ, ಅದರ ಮೇಲೆ ಪೈಜಾಮವಿರಲಿ. ಆಗ ನಿದ್ದೆಯಲ್ಲಿ ಬೆರಳು ನೇರವಾಗಿ ಚರ್ಮಕ್ಕೆ ಹೋಗುವುದಿಲ್ಲ. ಮಲದ್ವಾರದ ಸುತ್ತ ತೆಳುವಾಗಿ ವ್ಯಾಸಲಿನ್ ಸವರಿದರೆ ತುರಿಕೆಯೂ ತಗ್ಗುತ್ತದೆ, ಮೊಟ್ಟೆ ಉದುರುವುದೂ ಕಡಿಮೆಯಾಗುತ್ತದೆ. ಬೆಳಿಗ್ಗೆ ಆ ಚಡ್ಡಿಯನ್ನು ಬಿಚ್ಚಿದ ಕೂಡಲೆ ನೇರವಾಗಿ ಬಿಸಿನೀರಿನ ಬಕೆಟ್ಟಿಗೆ ಹಾಕಿ.

ಹಾಸಿಗೆಯ ವಿಷಯದಲ್ಲಿ ನಮ್ಮ ಮನೆಗಳ ಒಂದು ಒಳ್ಳೆಯ ಅಭ್ಯಾಸವೇ ಇಲ್ಲಿ ತೊಡಕಾಗುತ್ತದೆ. ಎದ್ದೊಡನೆ ಹೊದಿಕೆಯನ್ನು ಎರಡು ಕೈಯಲ್ಲಿ ಹಿಡಿದು ರಪ್ಪನೆ ಕೊಡವಿ ಮಡಿಸಿಡುತ್ತೇವೆ. ಆ ಒಂದು ಕೊಡವುವಿಕೆಯಲ್ಲಿ ಕಣ್ಣಿಗೆ ಕಾಣದ, ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟಿರುವ ಮೊಟ್ಟೆಗಳು ಗಾಳಿಗೇರಿ, ಕಪಾಟಿನ ಮೇಲೆ, ನೆಲದ ಮೇಲೆ, ಪಕ್ಕದಲ್ಲಿ ಮಲಗಿದ್ದವರ ಮೂಗುಬಾಯಿಯ ಹತ್ತಿರ ಬಂದು ಇಳಿಯುತ್ತವೆ. ಉಸಿರಿನೊಡನೆ ಸೇರಿದ ಮೊಟ್ಟೆ ಗಂಟಲಿಗಿಳಿದು ಹೊಟ್ಟೆ ಸೇರಬಲ್ಲದು. ಚಿಕಿತ್ಸೆಯ ಈ ವಾರಗಳಲ್ಲಿ ಹೊದಿಕೆಯನ್ನು ಕೊಡವದೆ, ಒಳಮುಖವಾಗಿ ಸುತ್ತಿ ಎತ್ತಿ. ಕೋಣೆಯನ್ನು ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಬಿಸಿನೀರಿನಲ್ಲಿ ತೊಳೆಯಿರಿ. ಎರಡೂ ಮಾತ್ರೆಗಳ ಮರುದಿನ ಬೆಳಿಗ್ಗೆ ಎಲ್ಲರ ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲು, ರಾತ್ರಿ ಉಡುಪುಗಳನ್ನು ಕೈಗೆ ತಾಳಲಾರದಷ್ಟು ಬಿಸಿಯಾದ, ಅಂದರೆ 60 ಡಿಗ್ರಿ ಸೆಲ್ಸಿಯಸ್ ಇರುವ ನೀರಿನಲ್ಲಿ ನೆನೆಸಿ ಒಗೆಯಿರಿ. ಹಂಡೆಯ ನೀರು ಇದಕ್ಕೆ ಧಾರಾಳವಾಗಿ ಸಾಕು. ಒಗೆಯಲಾಗದ ಕಂಬಳಿ, ಹಾಸಿಗೆಗಳನ್ನು ಚೆನ್ನಾಗಿ ಬಿಸಿಲು ಬಿದ್ದ ದಿನ ಅಂಗಳದಲ್ಲಿ ಹರವಿ. ಮಳೆಯಿದ್ದರೆ ಮಗು ಬಳಸಿದ್ದನ್ನು ಮೂರು ವಾರ ಬೇರೆಯಾಗಿ ಕಟ್ಟಿಟ್ಟು ಬೇರೊಂದನ್ನು ಕೊಡಿ. ಸಾಧ್ಯವಿದ್ದರೆ ಮಗಳು ಈ ದಿನಗಳಲ್ಲಿ ಅಜ್ಜಿಯ ಹೊದಿಕೆಯೊಳಗೆ ಮಲಗದೆ ತನ್ನದೇ ಹೊದಿಕೆಯಲ್ಲಿ ಮಲಗಲಿ. ಪ್ರತಿಯೊಬ್ಬರಿಗೂ ಬೇರೆ ಟವೆಲ್ಲಿರಲಿ, ಹಲ್ಲುಜ್ಜುವ ಬ್ರಷ್ಷನ್ನು ಬಳಸುವ ಮುನ್ನ ತೊಳೆಯಿರಿ. ಹಾಸಿಗೆಯನ್ನು ಸುಡುವುದು, ಆಟಿಕೆಗಳನ್ನೆಲ್ಲ ಎಸೆಯುವುದು, ಗೋಡೆಗೆ ಡೆಟಾಲ್ ಬಳಿಯುವುದು ಏನೂ ಬೇಡ.

ಈ ಕ್ರಮವನ್ನು ಮೊದಲ ಮಾತ್ರೆಯ ದಿನದಿಂದ ಎರಡನೆಯ ಮಾತ್ರೆಯಾಗಿ ಎರಡು ವಾರದವರೆಗೆ ನಡೆಸಿ. ನಾದಿನಿಯವರು ಮನೆಯಲ್ಲೇ ಇರುವುದರಿಂದ ಎಲ್ಲರೂ ಅವರ ಜೊತೆ ಆರು ವಾರ ಮುಂದುವರಿಸಿದರೆ ಇನ್ನೂ ಒಳ್ಳೆಯದು.

ಅತ್ತೆಯವರ ಮಾತಿಗೆ ಉತ್ತರ ಹೇಳಲೇಬೇಕು. ಬೆಲ್ಲದಿಂದ, ಸಿಹಿಯಿಂದ ಹುಳು ಹುಟ್ಟುವುದಿಲ್ಲ. ಮೊಟ್ಟೆ ನುಂಗದೆ ದಾರಹುಳು ಬರಲು ಬೇರೆ ದಾರಿಯೇ ಇಲ್ಲ. ಬೆಲ್ಲದ ಚೂರನ್ನು ಮಗು ತೊಳೆಯದ ಕೈಯಲ್ಲಿ ಚೀಪಿದರೆ ಬೆರಳಿನ ಮೊಟ್ಟೆ ಒಳಗೆ ಹೋಗುತ್ತದೆ ಎಂಬಷ್ಟು ಮಾತ್ರ ನಿಜ, ಅದು ಚಕ್ಕುಲಿಗೂ ಅನ್ವಯಿಸುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಜೊಲ್ಲು ಸುರಿಸುವುದು, ಮುಖದ ಮೇಲೆ ಬಿಳಿ ಮಚ್ಚೆ ಮೂಡುವುದು ಇವುಗಳನ್ನೂ ಹುಳುವಿನ ಲೆಕ್ಕಕ್ಕೆ ಹಾಕುವ ರೂಢಿಯಿದೆ. ಮಕ್ಕಳ ಕೆನ್ನೆಯ ಆ ಮಸುಕು ಬಿಳಿ ಮಚ್ಚೆ ಹೆಚ್ಚಾಗಿ ಒಣಚರ್ಮದ ತೊಂದರೆ. ಅದನ್ನು ನೋಡಿ ಪದೇ ಪದೇ ಹುಳುವಿನ ಮಾತ್ರೆ ಕೊಡುವುದರಲ್ಲಿ ಅರ್ಥವಿಲ್ಲ. ಬೇವು, ಹಾಗಲ, ಬೆಳ್ಳುಳ್ಳಿಯನ್ನು ಊಟದಲ್ಲಿ ಬಳಸುವುದಕ್ಕೆ ನನ್ನ ತಕರಾರಿಲ್ಲ, ಆದರೆ ಮಾತ್ರೆಯ ಜಾಗದಲ್ಲಿ ಅವನ್ನು ನಂಬಿ ಕೂರಬೇಡಿ. ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದು, ಮಲದ್ವಾರಕ್ಕೆ ಸೀಮೆಎಣ್ಣೆ ಅಥವಾ ಸುಣ್ಣ ಮುಟ್ಟಿಸುವುದು ಮಾತ್ರ ಖಂಡಿತ ಕೂಡದು. ಎಳೆಯ ಮಗುವಿನಲ್ಲಿ ಮೊದಲನೆಯದು ನೀರಿನಂಶವನ್ನು ಬತ್ತಿಸುತ್ತದೆ, ಎರಡನೆಯದು ಚರ್ಮವನ್ನು ಸುಡುತ್ತದೆ.

ಮಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದುದು ಆಶ್ಚರ್ಯವಲ್ಲ. ಈ ಹುಳು ಮೊಟ್ಟೆಯಿಡುವುದು ಮಲದೊಳಗಲ್ಲ, ಹೊರಗಿನ ಚರ್ಮದ ಮೇಲೆ. ಆದ್ದರಿಂದ ಮಲದಲ್ಲಿ ಅದು ಸಿಗುವುದೇ ಅಪರೂಪ. ಸರಿಯಾದ ಪರೀಕ್ಷೆ ಸೆಲ್ಲೋಟೇಪಿನದು. ಬೆಳಿಗ್ಗೆ ಮಗು ಶೌಚಕ್ಕೆ ಹೋಗುವ ಮುನ್ನ, ತೊಳೆಯುವ ಮುನ್ನ, ಪಾರದರ್ಶಕ ಟೇಪಿನ ತುಂಡಿನ ಅಂಟುಬದಿಯನ್ನು ಮಲದ್ವಾರದ ಸುತ್ತ ಒತ್ತಿ, ಪ್ರಯೋಗಾಲಯದವರು ಕೊಟ್ಟ ಗಾಜಿನ ಪಟ್ಟಿಗೆ ಅದೇ ಬದಿಯನ್ನು ಅಂಟಿಸಿ ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಗಳು ಕಾಣುತ್ತವೆ. ಒಂದು ಬೆಳಗಿನ ಪರೀಕ್ಷೆ ಅರ್ಧದಷ್ಟು ಸೋಂಕುಗಳನ್ನು ಮಾತ್ರ ಹಿಡಿಯುತ್ತದೆ, ಸತತ ಮೂರು ಬೆಳಗು ಮಾಡಿದರೆ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ. ನೀವು ಹುಳುವನ್ನೇ ಕಣ್ಣಾರೆ ಕಂಡಿರುವುದರಿಂದ ಈಗ ಇದರ ಅಗತ್ಯವಿಲ್ಲ. ಚಿಕಿತ್ಸೆ ಮುಗಿದ ಮೇಲೆ ಅನುಮಾನ ಉಳಿದರೆ ಮಾಡಿಸಿ, ಅಥವಾ ಮಗು ಮಲಗಿದ ಎರಡು ಮೂರು ಗಂಟೆಯ ನಂತರ ಟಾರ್ಚ್ ಬೆಳಕಿನಲ್ಲಿ ಮಲದ್ವಾರದ ಸುತ್ತ ನೋಡಿ. ಹುಳುವಿದ್ದರೆ ಆ ಹೊತ್ತಿನಲ್ಲಿ ಮಿಸುಕಾಡುವುದು ಕಾಣುತ್ತದೆ. ಮಾತ್ರೆಯ ನಂತರದ ಮೊದಲ ಕೆಲವು ದಿನ ಸ್ವಲ್ಪ ತುರಿಕೆ ಉಳಿಯುವುದು, ಮಲದಲ್ಲಿ ಸತ್ತ ಹುಳು ಬೀಳುವುದು ಸಹಜ, ಅದಕ್ಕೆ ಗಾಬರಿಯಾಗಬೇಡಿ.

ಇಷ್ಟೆಲ್ಲ ಮಾಡಿಯೂ ಒಂದೆರಡು ತಿಂಗಳಲ್ಲಿ ಹುಳು ಮತ್ತೆ ಕಂಡರೆ ವೈದ್ಯರು ಬೇರೊಂದು ಔಷಧಕ್ಕೆ ಬದಲಿಸಬಹುದು, ಅಥವಾ ಇಡೀ ಮನೆಗೆ ಎರಡು ವಾರಕ್ಕೊಮ್ಮೆ ಇನ್ನೂ ಕೆಲವು ಸುತ್ತು ಮಾತ್ರೆ ಕೊಡಬಹುದು. ಅದನ್ನು ಅಂಗಡಿಯಿಂದ ನೀವಾಗಿ ತಂದು ಮುಂದುವರಿಸಬೇಡಿ. ಮಗಳಿಗೆ ಯೋನಿಯ ಭಾಗದಲ್ಲಿ ತುರಿಕೆ ಅಥವಾ ಸ್ರಾವ, ಮೂತ್ರ ಮಾಡುವಾಗ ಉರಿ, ರಾತ್ರಿ ಹೊಸದಾಗಿ ಹಾಸಿಗೆ ಒದ್ದೆ ಮಾಡುವುದು ಇದ್ದರೆ ಈಗಲೇ ತೋರಿಸಿ. ತೂಕ ಇಳಿಯುವುದು, ಮಲದಲ್ಲಿ ರಕ್ತ, ಹೊಟ್ಟೆಯ ಬಲಭಾಗದ ಕೆಳಗೆ ಬಿಡದ ನೋವು ಇವು ದಾರಹುಳುವಿನ ಸಾಮಾನ್ಯ ಲಕ್ಷಣಗಳಲ್ಲ; ಅವು ಕಂಡರೆ ಕಾಯದೆ ವೈದ್ಯರ ಬಳಿ ಹೋಗಬೇಕು.

ಮಗಳನ್ನು ಶಾಲೆಗೆ ಧಾರಾಳವಾಗಿ ಕಳಿಸಿ. ಬೆಳಿಗ್ಗೆ ತೊಳೆದು, ಚಡ್ಡಿ ಬದಲಿಸಿ, ಉಗುರು ಕತ್ತರಿಸಿ ಕಳಿಸಿದ ಮಗುವಿನಿಂದ ತರಗತಿಗೆ ಹೆಚ್ಚಿನ ಅಪಾಯವಿಲ್ಲ. ಅವಳನ್ನು ಎಲ್ಲರೆದುರು "ಹುಳು ಹುಡುಗಿ" ಎನ್ನುವಂತೆ ಮಾಡಬೇಡಿ, ಅಣ್ಣತಮ್ಮಂದಿರ ಮುಂದೆಯೂ ಆಡಿಕೊಳ್ಳಬೇಡಿ. ನಾಚಿಕೆಪಟ್ಟ ಮಗು ತುರಿಕೆಯನ್ನು ಮುಚ್ಚಿಡುತ್ತದೆ, ಆಗ ನಿಮಗೆ ತಿಳಿಯುವುದೇ ತಡವಾಗುತ್ತದೆ. ರಜೆಯಲ್ಲಿ ಮಗಳ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವ ನೆಂಟರ ಮಕ್ಕಳೋ, ದಿನವಿಡೀ ಜೊತೆಗಾಡುವ ನೆರೆಮನೆಯ ಮಗುವೋ ಇದ್ದರೆ ಅವರ ತಾಯಂದಿರಿಗೆ ಮಾತ್ರ ಗುಟ್ಟಾಗಿ ತಿಳಿಸಿ, ಅವರ ಮನೆಯವರೂ ಸಾಧ್ಯವಾದರೆ ನಿಮ್ಮ ಮನೆಯವರು ಮಾತ್ರೆ ತೆಗೆದುಕೊಳ್ಳುವ ದಿನವೇ ತೆಗೆದುಕೊಳ್ಳಲಿ.